ಬಾಗಿಲ ಮೇಲಿನ ನೆರೆಗೂಳಿ

ಗುತ್ಯಮ್ಮನ ಬಾಯಲ್ಲಿ ಉಳಿದಿದ್ದ ಹಲ್ಲುಗಳ ಪೈಕಿ ಒಂದರ ಮೇಲೊಂದು ಸರಿಯಾಗಿ ಕೂರುತ್ತಿದ್ದದ್ದು ಎಡಗಡೆಯ ಒಂದೇ ಜೋಡಿ. ಆ ಜೋಡಿಯ ಮೇಲೆ ಆಕೆಗಿದ್ದಷ್ಟು ನಂಬಿಕೆ ಊರಿನ ಯಾವ ಮನುಷ್ಯನ ಮೇಲೂ ಇರಲಿಲ್ಲ. ಭತ್ತ ಯಾರೇ ತರಲಿ, ಒಂದು ಕಾಳನ್ನು ಆ ಹಲ್ಲುಗಳ ನಡುವೆ ಇಟ್ಟು, ಕಣ್ಣು ಮುಚ್ಚಿ ಕಟ್ಟನೆ ಕಡಿಯುವಳು. ಒಣಗಿದೆಯೋ ಇಲ್ಲವೋ, ಹಳೆಯದೋ ಹೊಸದೋ, ತಂದವನು ಸಾಚಾನೋ ಅಲ್ಲವೋ, ಎಲ್ಲವೂ ಆ ಸಪ್ಪಳದಲ್ಲೇ ತಿಳಿಯುತ್ತದೆ ಎಂಬುದು ಆಕೆಯ ವಾದ. "ಕಣ್ಣು ಮುಲಾಜಿಗೆ ಬೀಳ್ತೈತೆ ಮಾಸ್ತರ. ಹಲ್ಲಿಗೆ ಮುಲಾಜಿಲ್ಲ" ಎನ್ನುವಳು.

ತೊಂಬತ್ತರ ದಶಕದ ಮೊದಲಿಗೆ ನಾನು ಸಿರಸಿಯ ಮೂಡಣ ದಿಕ್ಕಿನಲ್ಲಿ, ವರದಾ ಹೊಳೆಯ ಬದಿಯ ಒಂದು ಊರಿಗೆ ಮಾಸ್ತರನಾಗಿ ಹೋದೆ. ಶಾಲೆಯ ಗೋಡೆಗೆ ತಾಗಿದ್ದೇ ಗುತ್ಯಮ್ಮನ ಮನೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಚೌಡಪ್ಪ, ಸೊಸೆ ಲಲಿತಾ ಜೊತೆಗಿದ್ದರು. ಆಕೆಯ ಸಂಶಯಕ್ಕೆ ದೊಡ್ಡವರು ಸಣ್ಣವರು ಎಂಬ ಭೇದವಿರಲಿಲ್ಲ. ಬಸ್ಸಿನ ಟಿಕೆಟನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದು, ಅದರಲ್ಲಿ ಬರೆದ ಊರು ಸಿರಸಿಯೇ ಹೌದೋ ಎಂದು ನನ್ನಿಂದ ಓದಿಸುತ್ತಿದ್ದಳು. ಅಷ್ಟರಲ್ಲಿ ಆಕೆ ಸಿರಸಿಗೆ ಹೋಗಿ ಬಂದಾಗಿರುತ್ತಿತ್ತು.

ನಾನು ಹೋದ ಮೊದಲ ಮಳೆಗಾಲದಲ್ಲೇ ಹೊಳೆ ಏರಿ ಗದ್ದೆಬೈಲಿನ ಮೇಲೆ ವಾರ ದಾಟಿ ನಿಂತಿತು. ನೀರು ಇಳಿದಾಗ ಎಲ್ಲರ ಸಸಿಯೂ ಕೊಳೆತು ಕೆಸರಿಗೆ ಅಂಟಿತ್ತು. ಗುತ್ಯಮ್ಮನ ತಗ್ಗಿನ ಗದ್ದೆಯೊಂದು ಮಾತ್ರ ನಾಲ್ಕು ದಿನ ಮಂಕಾಗಿದ್ದು, ಆಮೇಲೆ ತಲೆಯೆತ್ತಿತು. ಅದು ನೆರೆಗೂಳಿ ಭತ್ತ. ಹೆಸರೇ ಹೇಳುವಂತೆ ನೆರೆಗೆ ಎದೆಕೊಟ್ಟು ನಿಲ್ಲುವ ಗೂಳಿ. ಸುಗ್ಗಿಯ ನಂತರ ಬೀಜಕ್ಕೆಂದು ಊರವರು ಆಕೆಯ ಜಗಲಿಯಲ್ಲಿ ಸಾಲುಗಟ್ಟಿದರು. ಬೀಜ ಮಾರುವ ಪದ್ಧತಿ ಆಕೆಗಿರಲಿಲ್ಲ. ಒಂದು ಕೊಳಗ ಒಯ್ದವರು ಮುಂದಿನ ಸುಗ್ಗಿಗೆ ಒಂದೂವರೆ ಕೊಳಗ ತಂದು ಅಳೆಯಬೇಕು, ಅಷ್ಟೆ. ತಂದದ್ದನ್ನು ಹಲ್ಲಿಗಿಟ್ಟೇ ಒಳಗೆ ಸೇರಿಸುತ್ತಿದ್ದಳು.

ಆದರೆ ಆಮೇಲಿನ ವರ್ಷಗಳಲ್ಲಿ ಹೊಳೆ ಹಾಗೆ ಏರಲಿಲ್ಲ. ಸೊಸೈಟಿಯಲ್ಲಿ ಸಿಗುವ ಹೊಸ ಬೀಜ ಹೆಚ್ಚುಕಡಿಮೆ ಇಮ್ಮಡಿ ಬೆಳೆಯುತ್ತಿತ್ತು. ಒಬ್ಬೊಬ್ಬರಾಗಿ ನೆರೆಗೂಳಿಯನ್ನು ಬಿಟ್ಟರು. ಆ ತಗ್ಗಿನ ಗದ್ದೆಗೂ ಹೊಸದನ್ನೇ ಹಾಕೋಣ, ವರ್ಷಕ್ಕೆ ನಾಲ್ಕು ಚೀಲ ಸುಮ್ಮನೆ ಕಳೆದುಕೊಳ್ಳುತ್ತಿದ್ದೇವೆ ಎಂದು ಚೌಡಪ್ಪ ಪ್ರತಿ ಬಿತ್ತನೆಗೂ ಗೊಣಗುತ್ತಿದ್ದ. ತಾಯಿ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹೊಳೆ ಸುಮ್ಮನಿದ್ದಷ್ಟೂ ಆಕೆಗೆ ಹೊಳೆಯ ಮೇಲೂ ಗುಮಾನಿ.

ಅಂಥ ಹೊತ್ತಿನಲ್ಲಿ ಬೀಜದ ಬ್ಯಾಂಕಿನವರು ಬಂದರು. ಹಳೆಯ ತಳಿಗಳನ್ನು ಸಂಗ್ರಹಿಸಿ ದೂರದ ಪಟ್ಟಣವೊಂದರ ಶೀತಲ ಕೋಣೆಯಲ್ಲಿ ಕಾಪಾಡುವ ಸಂಸ್ಥೆ. ಬಂದಿದ್ದ ಅಧಿಕಾರಿ ಎಳೆಯ ವಯಸ್ಸಿನ, ಒಳ್ಳೆಯ ಮನುಷ್ಯ. ಅವನನ್ನು ಗುತ್ಯಮ್ಮನ ಮನೆಗೆ ಕರೆದೊಯ್ದವನು ನಾನೇ. ಕೂಡ್ರಿ ಎಂದು ಚಾಪೆ ಹಾಕಿದಳು, ಬೆಲ್ಲ ನೀರು ಕೊಟ್ಟಳು, ಆಮೇಲೆ ವಿಚಾರಣೆಗೆ ಇಳಿದಳು.

"ನಮ್ಮ ಬೀಜ ನಿಮ್ಮಲ್ಲಿ ಇಟ್ಟರೆ ಬಾಡಿಗೆ ಎಷ್ಟು?"

ಬಾಡಿಗೆ ಇಲ್ಲಮ್ಮ, ಪುಕ್ಕಟೆ ಎಂದ ಅವನು.

"ಕರೆಂಟು ಯಾರದು?"

ಕರೆಂಟು, ಅದು ಹೋದಾಗ ಜನರೇಟರಿಗೆ ಡೀಸೆಲ್, ಕಾಯುವವರ ಸಂಬಳ, ಎಲ್ಲ ಸಂಸ್ಥೆಯದೇ ಎಂದು ಅವನು ವಿವರಿಸಿದ. ಎಂದಾದರೊಂದು ದಿನ ಈ ಬೀಜ ದೇಶಕ್ಕೆ ಬೇಕಾದೀತು; ನಿಮ್ಮಲ್ಲಿ ಹಾಳಾದರೆ ನಿಮಗೇ ವಾಪಸು ಸಿಗುತ್ತದೆ ಎಂದೂ ಹೇಳಿದ.

ಗುತ್ಯಮ್ಮ ನನ್ನ ಕಡೆ ತಿರುಗಿದಳು. "ಮಾಸ್ತರ, ಇವರು ನಮ್ಮ ಎಮ್ಮೆನ ಒಯ್ದು, ಅವರ ಹುಲ್ಲು ಹಾಕಿ ಸಾಕಿ, ಕರ ಸಮೇತ ನಮಗೇ ತಂದು ಕಟ್ತಾರಂತೆ. ಇಂಥೋರು ನಿಮ್ಮ ಕಡಿ ಅದಾರಾ?"

ನಾನು ನಕ್ಕೆ. ಎಂದೋ ಬೇಕಾದೀತೆಂದು ವರ್ಷವರ್ಷವೂ ನಾಲ್ಕು ಚೀಲ ಬಿಟ್ಟುಕೊಡುವ ಆಕೆಗೂ, ಎಂದೋ ಬೇಕಾದೀತೆಂದು ಕರೆಂಟು ಕಟ್ಟುವ ಅವರಿಗೂ ಇದ್ದದ್ದು ಒಂದೇ ಹುಚ್ಚು ಎಂಬುದು ಆಗ ನನಗೆ ಹೊಳೆಯಲಿಲ್ಲ. ನನ್ನ ಮುಲಾಜಿಗೋ ಏನೋ, ಕೊನೆಗೆ ಆಕೆ ಒಳಗೆ ಹೋಗಿ ಒಂದು ಸೇರು ಭತ್ತ ತಂದು ಅವನ ಚೀಲಕ್ಕೆ ಸುರಿದಳು. ಅವನು ಚೀಟಿಯಲ್ಲಿ ತಳಿಯ ಹೆಸರು, ಊರಿನ ಹೆಸರು ಬರೆದು, ಕೈಮುಗಿದು ಹೋದ. ಅವನಾಗಲಿ ನಾನಾಗಲಿ ಒಂದು ಕಾಳನ್ನೂ ಹಲ್ಲಿಗಿಡಲಿಲ್ಲ.

ಮುಂದೆ ನನಗೆ ಸಿರಸಿಗೆ ವರ್ಗವಾಯಿತು. ಹೊಸ ಶತಮಾನ ಬಂದು ಮೂರ್ನಾಲ್ಕು ವರ್ಷಕ್ಕೆ ಅಲ್ಲೇ ಸಣ್ಣದೊಂದು ಮನೆ ಕಟ್ಟಿಸಿದೆ. ಗೃಹಪ್ರವೇಶಕ್ಕೆ ಗುತ್ಯಮ್ಮ ಬಸ್ಸು ಹತ್ತಿ ಬಂದಳು. ಕೈಯಲ್ಲಿ ಭತ್ತದ ತೋರಣ. ಆ ಕಡೆಯ ಹೆಂಗಸರು ಹುಲ್ಲು ಸಮೇತ ತೆನೆಗಳನ್ನು ಜಡೆಯಂತೆ ಹೆಣೆದು ಬಾಗಿಲಿಗೆ ಕಟ್ಟುವ ತೋರಣ ಅದು. ಆಗಷ್ಟೇ ಕೊಯ್ದ ನೆರೆಗೂಳಿಯ ತೆನೆಗಳು. ತಾನೇ ಮುಂದೆ ನಿಂತು ಕಟ್ಟಿಸಿ, ಗೂಟ ಗಟ್ಟಿಯಿದೆಯೋ ಎಂದು ಎರಡು ಸಲ ಜಗ್ಗಿ ನೋಡಿದಳು. ಗೂಟ ಹೊಡೆದ ಆಚಾರಿ ಮುಖ ಸಿಂಡರಿಸಿದ.

ಅದರ ಬೆನ್ನಿಗೇ ಬಂದ ಬೇಸಿಗೆಯಲ್ಲಿ ಆಕೆ ಜ್ವರ ಹತ್ತಿ ಸಿರಸಿಯ ಆಸ್ಪತ್ರೆಯಲ್ಲಿ ಮಲಗಿದಳು. ಇಪ್ಪತ್ತು ದಿನದ ಮೇಲೆ ಮನೆಗೆ ಹೋದವಳನ್ನು ನೋಡಲು ನಾನು ಊರಿಗೆ ಹೋದೆ. ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಸೊಸೆ ಲಲಿತಾ ಕಂಬದ ಹಿಂದೆ ಅಳುತ್ತಿದ್ದಳು.

ಆದದ್ದು ಇಷ್ಟು. ಬೀಜದ ಭತ್ತವನ್ನು ಎಲ್ಲರೂ ಹುಲ್ಲು ಸುತ್ತಿ ಮುಡೆ ಕಟ್ಟಿ ಅಟ್ಟಕ್ಕೇರಿಸುತ್ತಾರೆ. ಮುಡೆ ಕಂಡರೆ ಕಳ್ಳನಿಗೂ ಅದು ಬೀಜವೆಂದು ತಿಳಿಯುತ್ತದೆಂದು ಗುತ್ಯಮ್ಮ ಮಾತ್ರ ನೆರೆಗೂಳಿಯನ್ನು ಊಟದ ಭತ್ತದ ಚೀಲಗಳ ನಡುವೆ ಅಂಥದೇ ಚೀಲದಲ್ಲಿ ಇಡುತ್ತಿದ್ದಳು. ಯಾವ ಚೀಲವೆಂದು ಮಗನಿಗೂ ಹೇಳಿರಲಿಲ್ಲ. ಆಕೆ ಆಸ್ಪತ್ರೆಯಲ್ಲಿದ್ದಾಗ ಲಲಿತಾ ಕುಚ್ಚಲಕ್ಕಿ ಮಾಡಿಸಲೆಂದು ಕೈಗೆ ಸಿಕ್ಕ ಎರಡು ಚೀಲವನ್ನು ಹಂಡೆಯಲ್ಲಿ ಬೇಯಿಸಿ ಒಣಹಾಕಿದ್ದಳು. ಮನೆಗೆ ಬಂದ ಅತ್ತೆ ಅಂಗಳದ ಚಾಪೆಯಿಂದ ಒಂದು ಕಾಳು ಎತ್ತಿ ಹಲ್ಲಿಗಿಟ್ಟಿದ್ದಳು. ಬೆಂದದ್ದು ನೆರೆಗೂಳಿ; ಬೆಂದ ಭತ್ತ ಇನ್ನು ಮೊಳೆಯದು.

ಊರಲ್ಲಿ ಬೇರೆ ಯಾರ ಬಳಿಯೂ ಆ ಬೀಜ ಉಳಿದಿರಲಿಲ್ಲ. ಮುಂಗಾರಿಗೆ ಹೆಚ್ಚು ದಿನವೂ ಇರಲಿಲ್ಲ. ನಾನು ಧೈರ್ಯ ಹೇಳಿದೆ: ಬ್ಯಾಂಕಿನವರ ಹತ್ತಿರ ಇದೆಯಲ್ಲ, ಇವತ್ತೇ ಕಾಗದ ಬರೆಯುತ್ತೇನೆ.

"ಬರೀಬ್ಯಾಡ್ರಿ."

ಯಾಕೆಂದು ಕೇಳಿದೆ.

"ಆವತ್ತು ಕೊಟ್ಟಿದ್ದು ಕುಚ್ಚಿದ ಭತ್ತ. ಪುಕ್ಕಟೆ ಕಾಯ್ತೀನಿ ಅಂದೋರಿಗೆ ಬದುಕಿದ್ದನ್ನ ಯಾರು ಕೊಡ್ತಾರೆ?"

ಲಲಿತಾ ಅಳು ನಿಲ್ಲಿಸಿ ಅತ್ತೆಯನ್ನೇ ನೋಡಿದಳು. ಒಬ್ಬಳು ಗೊತ್ತಿಲ್ಲದೆ ಬೇಯಿಸಿದ್ದಳು, ಇನ್ನೊಬ್ಬಳು ಗೊತ್ತಿದ್ದೂ ಬೆಂದದ್ದನ್ನು ಕೊಟ್ಟಿದ್ದಳು.

ನಾನು ಹೊರಡಲು ಎದ್ದಾಗ ಆಕೆ ಕೇಳಿದಳು: "ಮಾಸ್ತರ, ನಿಮ್ಮ ಬಾಗಿಲ ಮ್ಯಾಲಿಂದು ಗುಬ್ಬಿ ತಿಂದಾವೋ, ಅದಾವೋ?"

ಮರುದಿನ ಬೆಳಗಿನ ಬಸ್ಸಿಗೇ ತೋರಣವನ್ನು ಬಿಚ್ಚಿ ತಂದೆ. ಕೆಳಸಾಲಿನ ತೆನೆಗಳು ಗುಬ್ಬಿಯ ಪಾಲಾಗಿದ್ದವು. ಹೆಣಿಗೆಯ ಒಳಗಿದ್ದವು ಉಳಿದಿದ್ದವು. ಆಕೆ ಕಾಳುಗಳನ್ನು ಒಂದೊಂದಾಗಿ ಬಿಡಿಸಿ ಒದ್ದೆ ಗೋಣಿಯ ತುಂಡಿನಲ್ಲಿ ಸುತ್ತಿದಳು. ಈ ಸಲ ಒಂದನ್ನೂ ಕಡಿದು ನೋಡಲಿಲ್ಲ. ಕಡಿದರೆ ಒಂದು ಕಡಿಮೆಯಾಗುತ್ತಿತ್ತು. ನಾಲ್ಕನೆಯ ದಿನ ಮೊಳಕೆ ಬಂತೆಂದು ಚೌಡಪ್ಪ ಫೋನು ಮಾಡಿದ. ಎಲ್ಲವೂ ಬಂದಿರಲಿಲ್ಲ, ಅರ್ಧದಷ್ಟು. ಬಚ್ಚಲ ಹಿಂದಿನ ಅಂಗೈಯಗಲದ ಮಡಿಯಲ್ಲಿ ಮೊದಲ ವರ್ಷ, ಗದ್ದೆಯ ಮೂಲೆಯಲ್ಲಿ ಎರಡನೆಯ ವರ್ಷ. ಮೂರನೆಯ ಸುಗ್ಗಿಗೆ ಕೊಳಗ ತುಂಬಿತು.

ಆಗ ಆಕೆ ನನ್ನನ್ನು ಕರೆಸಿ ಒಂದು ಸೇರು ಅಳೆದು, ನನ್ನಿಂದಲೇ ಒಂದು ಕಾಳು ಕಡಿಸಿ, ಬ್ಯಾಂಕಿಗೆ ಒಯ್ಯಲು ಹೇಳಿದಳು. "ಅವರ ಮ್ಯಾಲೆ ನಂಬಿಕೆ ಬಂತು ಅಂತಲ್ಲ. ನನ್ನ ಮ್ಯಾಲಿಂದು ಹೋತು."

ಅಲ್ಲಿ ಆ ಅಧಿಕಾರಿ ಈಗ ಕನ್ನಡಕದ ಹಿರಿಯ. ಈ ತಳಿ ಆಗಲೇ ನಮ್ಮಲ್ಲಿದೆ, ಒಂದನ್ನೇ ಎರಡು ಸಲ ಇಡುವಷ್ಟು ಜಾಗವೂ ದುಡ್ಡೂ ಇಲ್ಲ ಎಂದ. ಮೊಳಕೆಯ ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿದೆ. ಸರದಿಯಲ್ಲಿದೆ, ಅದಕ್ಕೂ ದುಡ್ಡು ಬರಬೇಕು ಎಂದ. ಹಳೆಯ ಪೊಟ್ಟಣವನ್ನು ತರಿಸಿ, ಒಂದೊಂದು ಕಾಳು ಕಡಿಯೋಣವೇ ಎಂದೆ. ಅವನು ಕಡಿದ, ಹಳೆಯ ಕಾಳು ಬೆಂದು ಒಣಗಿದ ಭತ್ತದ ಹಾಗೆ, ಗಾಜಿನ ಚೂರಿನಂತೆ ಗಟ್ಟಿ, ಹಿಟ್ಟಿನ ಬಿಳುಪೇ ಇಲ್ಲ. ನಾನು ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷ ಜನರೇಟರ್ ಓಡಿಸಿ ಊಟದ ಭತ್ತ ಕಾದೆವೇ ಎಂದು ಅವನು ಕೂತಲ್ಲೇ ನಕ್ಕ. ಆಮೇಲೆ ನಗು ನಿಲ್ಲಿಸಿ, ಸಾಲುಸಾಲಾಗಿ ಇಟ್ಟಿದ್ದ ಬೇರೆ ಪೊಟ್ಟಣಗಳನ್ನು ನೋಡತೊಡಗಿದ.

ಹಿಂದಿರುಗಿ ಬಂದು ಇದನ್ನೆಲ್ಲ ಹೇಳಿದಾಗ ಗುತ್ಯಮ್ಮನಿಗೆ ಪಶ್ಚಾತ್ತಾಪವೇನೂ ಆದಂತೆ ಕಾಣಲಿಲ್ಲ. ಹೊಸದನ್ನು ತೆಗೆದುಕೊಂಡದ್ದಕ್ಕೆ ಅವರು ಕೊಟ್ಟ ರಸೀದಿಯನ್ನು ನನ್ನಿಂದ ಎರಡು ಸಲ ಓದಿಸಿ ಸೆರಗಿಗೆ ಗಂಟು ಹಾಕಿಕೊಂಡಳು. ಅದೇ ಕೊನೆಯ ಭೇಟಿ. ಆ ಮಳೆಗಾಲ ಮುಗಿಯುವುದರೊಳಗೆ ತೀರಿಕೊಂಡಳು.

ಈಗ ಪ್ರತಿ ಸುಗ್ಗಿಗೆ ಲಲಿತಾ ಹೊಸ ತೋರಣ ಹೆಣೆದು ಕಳಿಸುತ್ತಾಳೆ. ಒಳ್ಳೆಯ ಹೆಂಗಸು, ಸುಳ್ಳು ಹೇಳುವವಳಲ್ಲ. ಆದರೂ ಸ್ಟೂಲಿನ ಮೇಲೆ ಹತ್ತಿ ಹಳೆಯದನ್ನು ಬಿಚ್ಚುವ ಮೊದಲು, ಹೊಸದರಿಂದ ಒಂದು ಕಾಳು ಕಿತ್ತು, ಕಣ್ಣು ಮುಚ್ಚಿ, ಎಡಗಡೆಯ ಹಲ್ಲಿನಲ್ಲಿ ಕಡಿದು ನೋಡುತ್ತೇನೆ.