ಮೈಕ್ರೊವೇವ್ ಮುಂದ ಯಾರು ನಿಂದರಬೇಕು

ಬಾಗಲಾ ಸರಿಯಾಗಿ ಹತ್ತಲಿಲ್ಲಂದ್ರ ಮೈಕ್ರೊವೇವ್ ಚಾಲೂ ಆಗೂದಿಲ್ಲ. ಅದು ಮಶೀನಿನ ಹಟ ಅಲ್ಲ, ನಮ್ಮನ್ನ ಕಾಯೂ ಸ್ವಿಚ್ಚು. ರಿಪೇರಿಗೆ ಹೋದಾಗ ಬನಹಟ್ಟಿಯ ಒಬ್ಬ ಪಾವರ್‌ಲೂಮ್ ಮಾಲಕರಿಗೆ ಇಷ್ಟು ತಿಳಿಸಾಕ ನನಗ ಅರ್ಧಾ ತಾಸು ಹಿಡೀತು.

ಬಾಗಲದ ಕೊಂಡಿ ಮುರದಿತ್ತು. ಹೊಸಾದು ಬರಾಕ ವಾರ ಬೇಕಂದೆ. ಅವರು ಅಡಗಿಮನ್ಯಾಗ ಕುರ್ಚಿ ಹಾಕ್ಕೊಂಡು ಆರಾಮ ಕುಂತಿದ್ರು.

"ಅಲ್ಲೀತನಕ ಆ ಸ್ವಿಚ್ ತಗದು ವೈರ್ ಕೂಡಿಸಿ ಬಿಡ್ರಿ. ನಮ್ಮ ಮಗ್ಗಕ್ಕೂ ಎಳಿ ಹರದ್ರ ತಾನ ನಿಂದರೂ ವ್ಯವಸ್ಥಾ ಇತ್ತು. ಘಳಿಗಿಗೊಮ್ಮೆ ನಿಂದರತಿತ್ತು, ತಗದ ಒಗದ್ವಿ. ಏನಾತು?"

"ಎಳಿ ಹರದ್ರ ಸೀರಿ ಕೆಡತೈತ್ರಿ. ಇದು ಬಾಗಲಾ ತೆರದಾಗ ಚಾಲೂ ಆದ್ರ ಮುಂದ ನಿಂತಾವ್ರ ಮೈ ಸುಡತೈತಿ, ಕಣ್ಣಿಗೂ ಧೋಕಾ."

"ಮುಂದ ನಾ ಎಲ್ಲಿ ನಿಂದರತೇನ್ರಿ? ಸೊಸಿ ನಿಂದರತಾಳ."

ಸಿಟ್ಟಿಲ್ಲ, ಚ್ಯಾಷ್ಟಿ ಇಲ್ಲ, ರೇಡಿಯೊದಾಗ ಹವಾಮಾನ ಹೇಳಿದಂಗ ಹೇಳಿದ್ರು. ಸೊಸಿ ಹಾಲಿನ ಬಟ್ಟಲಾ ಹಿಡಕೊಂಡು ಅಲ್ಲೇ ನಿಂತಿದ್ಲು. ನನ್ನ ಕೈಲೆ ಆಗೂದಿಲ್ರಿ ಅಂತ ಚೀಲಾ ಎತ್ತಿಕೊಂಡು ಬಂದೆ.

ವಾರದ ಮ್ಯಾಲೆ ಕೊಂಡಿ ತಗೊಂಡು ಹೋದ್ರ, ಬಾಗಲಾ ಸರಿಯಾಗಿ ಹತ್ತದಿದ್ರೂ ಮೈಕ್ರೊವೇವ್ ನಡದಿತ್ತು. ಮತ್ತ್ಯಾರೋ ಮಿಸ್ತ್ರಿ ಬಂದು ವೈರ್ ಕೂಡಿಸಿ ಹೋಗಿದ್ದಾ. ಸೊಸಿ ಅಂಗೈಲೆ ಬಾಗಲಾ ಒತ್ತಿ ಹಿಡದು ಹಾಲು ಬಿಸಿ ಮಾಡಾಕತ್ತಿದ್ಲು. ಓಡಿ ಹೋಗಿ ಪ್ಲಗ್ ಕಿತ್ತೆ.

ನನ್ನ ಮಾತು ಪೂರಾ ದಂಡ ಆಗಿರಲಿಲ್ಲ ಅನ್ರಿ. ಮಾಲಕರು ತಮ್ಮ ಕುರ್ಚಿ ಅಡಗಿಮನಿಯಿಂದ ಪಡಸಾಲಿಗೆ ಒಯ್ದು ಹಾಕ್ಕೊಂಡಿದ್ರು.