ಬಾಗಿಲಿಗೆ ಅಡ್ಡ ಇಟ್ಟ ಹೊಲ

ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿದೆಯೆಂದು ಮಗಳು ಇವತ್ತು ಅದಕ್ಕೆ ಗೋಧಿಯ ಚೀಲ ಅಡ್ಡ ಇಟ್ಟಳು. ನೋಡಿದ್ದೇ ನನಗೆ ಮೈಯೆಲ್ಲ ಉರಿಯಿತು.

ನಾನು ಸಣ್ಣವಳಿದ್ದಾಗ ಸರ್ಕಾರದವರು ಪುಕ್ಕಟೆ ಮಣ್ಣು ಪರೀಕ್ಷೆ ಮಾಡಿ, ಯಾವ ಗೊಬ್ಬರ ಎಷ್ಟು ಹಾಕಬೇಕೆಂದು ಹೇಳುತ್ತಾರೆಂದು ನಮ್ಮೂರು ಗೊಳಸಂಗಿಯಲ್ಲಿ ಸುದ್ದಿಯಾಯಿತು. ಚಪ್ಪಲಿ ಕಳಚಿಯೇ ಹೊಲಕ್ಕೆ ಕಾಲಿಡುತ್ತಿದ್ದ ನಮ್ಮಜ್ಜ, ಮೂಲೆಮೂಲೆಯಿಂದ ಎರೆಮಣ್ಣು ತೆಗೆದು ಕೌದಿಯ ಮೇಲೆ ನೆರಳಲ್ಲಿ ಒಣಗಿಸಿದ. ಕೋಳಿ ಕೆದರದಂತೆ ನನ್ನನ್ನು ಕಾವಲು ಕೂರಿಸಿದ. ಅವ್ವ ತನ್ನ ಹಸಿರು ಇಳಕಲ್ ಸೀರೆಯ ತುಂಡಿನಲ್ಲಿ ಚೀಲ ಹೊಲಿದು, ಮಣ್ಣು ತುಂಬಿ ಗಂಟು ಹಾಕಿದಳು. ಅಜ್ಜ ಅದನ್ನು ಕೃಷಿ ಕಚೇರಿಗೆ ಕೊಟ್ಟುಬಂದ.

ಬಿತ್ತನೆ ಹತ್ತಿರ ಬಂದರೂ ಉತ್ತರವಿಲ್ಲ. ಅಜ್ಜ ನನ್ನನ್ನು ಕರೆದುಕೊಂಡು ಕಚೇರಿಗೆ ಹೋದ. ಅಲ್ಲಿ ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದು ಅದೇ ಹಸಿರು ಚೀಲ! ಅವ್ವ ಹಾಕಿದ ಗಂಟನ್ನೂ ಬಿಚ್ಚಿರಲಿಲ್ಲ. ಸಾಹೇಬ ಒಳಬರುತ್ತ ಅದನ್ನು ಬೂಟುಗಾಲಿನಿಂದ ಸರಿಸಿದ.

"ಕಾಲು ತಗೀರಿ ಸಾಹೇಬ್ರ, ಅದು ನಮ್ಮ ಹೊಲ ಐತಿ," ಎಂದ ಅಜ್ಜ.

"ಮಣ್ಣಿನ ಸಲುವಾಗಿ ಇಷ್ಟ್ಯಾಕ ಸಿಟ್ಟು, ಮುದುಕಾ?" ಎಂದು ಸಾಹೇಬ ನಕ್ಕ. ಆ ನಗು ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ.

ಅಜ್ಜ ಚೀಲವನ್ನೆತ್ತಿ ಎದೆಗೊತ್ತಿಕೊಂಡು ಹೊರನಡೆದ. ನಮ್ಮ ಹಿಂದೆ ಬಾಗಿಲು ಧಡಾರನೆ ಬಡಿಯಿತು.

ಇವತ್ತು ನಾನೂ ಗೋಧಿಯ ಚೀಲ ಎತ್ತಿಕೊಂಡೆ.

"ಬಾಗಲಾ ಬಡಕೊಳ್ಳತೈತಿ, ಯವ್ವಾ," ಎಂದಳು ಮಗಳು.

"ಬಡಕೊಳ್ಳಲಿ ಬಿಡು."