ಅವ್ವನ ರೆಪ್ಪೆಯ ಹಳದಿ

ನಮ್ಮವ್ವನ ಎರಡೂ ಕಣ್ಣುಗಳ ಮೇಲ್ರೆಪ್ಪೆಯಲ್ಲಿ, ಮೂಗಿನ ಪಕ್ಕಕ್ಕೆ, ಒಂದೊಂದು ಹಳದಿ ಮಚ್ಚೆ ಇತ್ತು. ಮೆಂತ್ಯದ ಕಾಳಿನಷ್ಟು ಗಾತ್ರ, ಮುಟ್ಟಿದರೆ ಮೆತ್ತಗೆ. ಗುಳೇದಗುಡ್ಡದ ನಮ್ಮ ಓಣಿಯ ಹೆಂಗಸರು, "ಲಕ್ಷ್ಮಿ ತನ್ನ ಕೈಲೆ ಅರಿಷಿಣ ಹಚ್ಚ್ಯಾಳ ನೋಡ್ರಿ" ಎನ್ನುತ್ತಿದ್ದರು. ಅವ್ವ ನಕ್ಕು ಮತ್ತೆ ರವಿಕೆಯ ಖಣ ನೇಯಲು ಕೂರುತ್ತಿದ್ದಳು. ನಲವತ್ತೊಂದನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಮಗ್ಗದ ಮೇಲೇ ಕುಸಿದಳು, ಮತ್ತೆ ಏಳಲಿಲ್ಲ. ನನಗಾಗ ಹದಿನಾಲ್ಕು, ಅಕ್ಕನಿಗೆ ಹದಿನೇಳು.

ಮೂವತ್ತು ದಾಟಿದ ಮೇಲೆ ಅಕ್ಕನ ರೆಪ್ಪೆಗಳಲ್ಲೂ ಅದೇ ಜಾಗದಲ್ಲಿ ಅದೇ ಹಳದಿ ಮೂಡಿತು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ. ಬಂದ ನೆಂಟರೆಲ್ಲ ಅವಳ ಗಲ್ಲ ಹಿಡಿದು, "ಥೇಟ್ ನಿಮ್ಮವ್ವನ್ನ ನೋಡಿದಂಗ ಆತವಾ" ಎಂದು ಕಣ್ಣೊರೆಸಿಕೊಳ್ಳುವರು. ನನ್ನ ಕಡೆ ತಿರುಗಿ, "ನಿನ್ನ ಆಫೀಸು ಹೆಂಗ ನಡದೈತಿ?" ಎನ್ನುವರು. ಅವ್ವ ನನಗೂ ಅವ್ವನೇ ಅಲ್ಲವೆ? ನವನಗರದ ನನ್ನ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ದಿನಾ ರೆಪ್ಪೆ ಎಳೆದು ನೋಡಿಕೊಳ್ಳುತ್ತಿದ್ದೆ. ಒಮ್ಮೆ ಅರಿಷಿಣ ಕಲಸಿ ಹಚ್ಚಿಯೂ ನೋಡಿದೆ. ಮಕ್ಕಳ ತಾಯಿ, ನಾಚಿಕೆಯಾಗಬೇಕು ನನಗೆ.

ಗುಳೇದಗುಡ್ಡದಲ್ಲೇ ಉಳಿದು ಖಣ ನೇಯುತ್ತಿದ್ದ ಅಕ್ಕ, ಮಗ್ಗದಲ್ಲಿ ಎಳೆಗಳು ಎರಡೆರಡಾಗಿ ಕಾಣುತ್ತವೆಂದು ಹೇಳಿದಾಗ, ಕನ್ನಡಕಕ್ಕೆಂದು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಅವರು ಕಣ್ಣಿಗಿಂತ ಹೆಚ್ಚು ಹೊತ್ತು ರೆಪ್ಪೆಯನ್ನೇ ನೋಡಿದರು. ಅವ್ವನಿಗೂ ಹೀಗೇ ಇತ್ತು, ಎದೆನೋವಿನಿಂದ ತೀರಿಕೊಂಡಳು ಎಂದು ತಿಳಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿ ಹೃದಯದ ಡಾಕ್ಟರಲ್ಲಿಗೆ ಕಳಿಸಿದರು. ಅಕ್ಕನ ಕೊಲೆಸ್ಟ್ರಾಲು ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು.

"ನಾ ತುಪ್ಪ ಮುಟ್ಟಾಂಗೇ ಇಲ್ರಿ" ಎಂದಳು ಅಕ್ಕ.

"ಬರೇ ತಿಂದಿದ್ದರಿಂದ ಬರೂದಲ್ಲರಿ ಅಕ್ಕಾರ" ಎಂದರು ಹೃದಯದ ಡಾಕ್ಟರು. "ಲಿವರ್ ತಾನ ಅದನ್ನ ತಯಾರು ಮಾಡ್ತದ, ರಕ್ತದಾಗ ಹೆಚ್ಚಾಗಿದ್ದನ್ನ ತಾನ ವಾಪಸ್ ಎಳಕೋತದ. ನಿಮಗ ಹುಟ್ಟಿನಿಂದ ಆ ಎಳಕೊಳ್ಳೋ ಶಕ್ತಿ ಕಡಿಮಿ ಐತಿ. ಅದಕ್ಕ ರಕ್ತನಾಳದಾಗ ಕೂಡ್ತದ, ರೆಪ್ಪಿ ಮ್ಯಾಲೂ ಕೂಡ್ತದ. ಈ ಗುಳಿಗಿ ತಗೊಂಡ್ರ ಲಿವರ್ ತಯಾರು ಮಾಡೂದು ಕಡಿಮಿ ಆಗ್ತದ. ತನಗ ಸಾಲದ್ದಕ್ಕ ರಕ್ತದಾಗಿಂದ ಹೆಚ್ಚು ಎಳಕೋತದ. ದಿನಾ ತಗೋಬೇಕ್ರಿ, ಬಿಡಬಾರದು."

ಇದು ಅವ್ವನಿಂದ ಬಂದಿರಬೇಕು, ತಂಗಿಗೂ ಬಂದಿರಬಹುದು ಎಂದು ನನಗೂ ಪರೀಕ್ಷೆ ಬರೆದರು. ಕೆಟ್ಟ ರಿಪೋರ್ಟು ಬರಲಿ ಎಂದು ಯಾರಾದರೂ ಬನಶಂಕರಿಗೆ ಕೈಮುಗಿಯುತ್ತಾರೆಯೆ? ನಾನು ಮುಗಿದೆ. ಎಲ್ಲವೂ ಸರಿಯಾಗಿದೆ ಎಂದು ಬಂತು. "ಪುಣ್ಯಾ ಮಾಡೀರಿ" ಎಂದರು ಡಾಕ್ಟರು. ರೋಗ ಕೊಡುವಾಗಲೂ ಅವ್ವ ಹಿರಿಮಗಳನ್ನೇ ಆರಿಸಿಕೊಂಡಳಲ್ಲ ಎಂದು ನನಗೆ ಉರಿಯಿತು.

ಹೊರಡುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು: ಗುಳಿಗೆ ತೆಗೆದುಕೊಂಡರೆ ಕೆಲವರಿಗೆ ಆ ಮಚ್ಚೆಗಳು ಕರಗುವುದೂ ಉಂಟು, ಕೆಲವರಿಗೆ ಹಾಗೇ ಉಳಿಯುತ್ತವೆ. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ದಿನಾ ಸಂಜೆ ಏಳಕ್ಕೆ ಫೋನು: "ಅಕ್ಕಾ, ಗುಳಿಗಿ ತಗೊಂಡಿ?" ತಂಗಿಯೆಂದರೆ ಹೀಗಿರಬೇಕು ಎಂದು ಓಣಿಯೆಲ್ಲ ಹೊಗಳಿತು. ಕಾಲು ನೋಯುತ್ತವೆಂದು ಅವಳು ಒಂದು ವಾರ ಬಿಟ್ಟಾಗ ಬಸ್ಸು ಹತ್ತಿ ಹೋಗಿ ಜಗಳವಾಡಿದೆ, ಮತ್ತೆ ಡಾಕ್ಟರಲ್ಲಿಗೆ ಎಳೆದೊಯ್ದೆ. ಅವರು ರಕ್ತ ನೋಡಿ ಬೇರೆ ಗುಳಿಗೆ ಕೊಟ್ಟರು, ನೋವು ನಿಂತಿತು. ನನಗೆ ಬೇಕಾಗಿದ್ದದ್ದು ಅವಳ ಹೃದಯವಲ್ಲ. ಅವಳ ಮುಖ ನನ್ನ ಮುಖದ ಹಾಗೆ ಬೋಳಾಗಲಿ ಎಂದು ಕಾಯುತ್ತಿದ್ದೆ.

ನಾಲ್ಕು ವರ್ಷ ಹೀಗೇ ಕಳೆಯಿತು. ಕಳೆದ ತಿಂಗಳು ಗುಳೇದಗುಡ್ಡಕ್ಕೆ ಹೋಗಿದ್ದೆ. ಕೊಲೆಸ್ಟ್ರಾಲು ಚೆನ್ನಾಗಿ ಇಳಿದಿದೆ ಎಂದು ಹೊಸ ರಿಪೋರ್ಟು ತೋರಿಸಿದಳು. ಈಗ ಅವಳಿಗೆ ನಲವತ್ತೆರಡು. ನಾನು ರಿಪೋರ್ಟು ಬಿಟ್ಟು, ಕಿಟಕಿಯ ಬೆಳಕಿನಲ್ಲಿ ಅವಳ ಮುಖದ ಹತ್ತಿರ ಬಾಗಿದೆ. ಅಕ್ಕ ಎರಡೂ ಕಣ್ಣು ಮುಚ್ಚಿ ಮುಖ ಮುಂದೆ ಮಾಡಿದಳು.

"ನೋಡಕೋ. ಹೋಗಿಲ್ಲ, ಅಲ್ಲೇ ಅದಾವ."

ನಾನು ಹಿಂದೆ ಸರಿದು ರಿಪೋರ್ಟು ಕೈಗೆತ್ತಿಕೊಂಡೆ.

"ನೀ ಯಾಕ ದಿನಾ ಫೋನ್ ಹಚ್ತೀ ಅಂತ ನನಗ ಮೊದಲಿಂದ ಗೊತ್ತೈತಿ" ಎಂದಳು, ಕಣ್ಣು ಮುಚ್ಚಿಕೊಂಡೇ. "ಅವ್ವನ ಮ್ಯಾಲೂ ಹಿಂಗ ಉರಕೊಳ್ಳೋರು ಒಬ್ಬರರ ಇದ್ದಿದ್ರ, ಆಕಿ ಅಷ್ಟು ಲಗೂ ಹೋಗ್ತಿರಲಿಲ್ಲ."

ನವನಗರಕ್ಕೆ ಮರಳಿದೆ. ಮರುದಿನ ಸಂಜೆ ಏಳು ಹೊಡೆಯಿತು, ಫೋನು ಮಾಡಲು ನನಗೆ ಮುಖವಿರಲಿಲ್ಲ. ಏಳೂವರೆಗೆ ಅವಳೇ ಮಾಡಿದಳು.

"ಯಾಕವಾ, ಇವತ್ತು ಕೇಳಲಿಲ್ಲ? ಗುಳಿಗಿ ಕೈಯಾಗ ಹಿಡಕೊಂಡು ಕುಂತೀನಿ."